ಬರದ ಸೀಮೆಯಲ್ಲಿ ಪ್ರವಾಹ ಹೇಗೆ ಬಂತು?

ಪ್ರಶ್ನೆ: ಮಗಳು ಕ್ಯಾಲಿಫೋರ್ನಿಯಾದಲ್ಲಿದ್ದಾಳೆ. ಇಲ್ಲಿ ಬರ, ಗಿಡಕ್ಕೂ ಅಳೆದು ನೀರು ಹಾಕಬೇಕು ಅಂತಿದ್ದಳು. 2023ರಲ್ಲಿ ನೋಡಿದರೆ ಊರುಗಳೇ ಮುಳುಗಿದವು. ಒಣಗಿದ ನೆಲ ನೀರು ಕುಡಿಯಬೇಕಿತ್ತಲ್ವಾ? ಈಗ ಅಲ್ಲೇ ಮನೆ ಕೊಳ್ಳುತ್ತೇನೆ ಅಂತಾಳೆ, ನಮಗೆ ಭಯ.
– ಓದುಗರೊಬ್ಬರು, ತಿಪಟೂರು

ಉತ್ತರ: ಮೊದಮೊದಲ ಮಳೆಯನ್ನು ನೆಲ ಕುಡಿಯಿತು. ತೊಂದರೆ ಶುರುವಾಗಿದ್ದು ಆಮೇಲೆ. ಅಲ್ಲಿ ಚಳಿಗಾಲವೇ ಮಳೆಗಾಲ. 2022ರ ಡಿಸೆಂಬರ್ ಕೊನೆಯಿಂದ ಸುಮಾರು ಮೂರು ವಾರದಲ್ಲಿ ಒಂದರ ಬೆನ್ನಿಗೊಂದು ಒಂಬತ್ತು ಬಿರುಮಳೆ ಬಂದವು. ಪೆಸಿಫಿಕ್ ಸಾಗರದ ಬೆಚ್ಚಗಿನ ಭಾಗದಿಂದ ನೀರಾವಿ ನೂರಾರು ಕಿಲೋಮೀಟರ್ ಅಗಲದ ಪಟ್ಟಿಯಾಗಿ ಹರಿದು ಬಂದು, ಬೆಟ್ಟಕ್ಕೆ ತಾಗಿ ಮೇಲೇರಿ, ತಣ್ಣಗಾಗಿ ಸುರಿಯುತ್ತದೆ, ನಮ್ಮ ಆಗುಂಬೆಯಲ್ಲಿ ಅರಬ್ಬಿ ಸಮುದ್ರದ ಮೋಡ ಸುರಿಯುವ ಹಾಗೆ. ನೆನೆದ ನೆಲಕ್ಕೆ ಮತ್ತೆ ಮತ್ತೆ ಹೊಯ್ದರೆ ನೀರು ಇಂಗಲು ಜಾಗವೆಲ್ಲಿ? ಕಾಡ್ಗಿಚ್ಚಿನಲ್ಲಿ ಸುಟ್ಟ ಗುಡ್ಡಗಳಂತೂ ನೀರನ್ನು ಒಳಗೇ ಬಿಟ್ಟುಕೊಳ್ಳುವುದಿಲ್ಲ.

ಆದರೆ ಎಲ್ಲವನ್ನೂ ಮಳೆಯ ಮೇಲೆ ಹಾಕಿಬಿಟ್ಟರೆ ಅನ್ಯಾಯ. ಪಾಹರೊ ಅಂತ ಒಂದು ಪುಟ್ಟ ಊರಿದೆ, ಕ್ಯಾಲಿಫೋರ್ನಿಯಾದ ಮಾಂಟೆರೇ ಕೌಂಟಿಯಲ್ಲಿ (ಕೌಂಟಿ ಅಂದರೆ ನಮ್ಮ ಜಿಲ್ಲೆಯ ಹಾಗೆ). ಅಲ್ಲಿಯ ಹೊಳೆಗೆ 1949ರಲ್ಲಿ ಕಟ್ಟಿದ ಏರಿ. ಅದು ಸಾಲದು ಅಂತ ಸರ್ಕಾರದ ಎಂಜಿನಿಯರುಗಳಿಗೆ 1960ರ ದಶಕದಲ್ಲೇ ಗೊತ್ತಿತ್ತು. 1995ರಲ್ಲೂ ಒಡೆದು ಊರಿಗೆ ನೀರು ನುಗ್ಗಿತ್ತು. ಆದರೂ ಖರ್ಚೆಷ್ಟು, ಅದರಿಂದ ಉಳಿಯುವ ಆಸ್ತಿಯ ಬೆಲೆಯೆಷ್ಟು ಅಂತ ತೂಗುವಾಗಲೆಲ್ಲ ಬಡವರ ಊರು ಲೆಕ್ಕದಲ್ಲಿ ಸೋಲುತ್ತಲೇ ಬಂತು. 2023ರ ಮಾರ್ಚ್ 10ರ ನಡುರಾತ್ರಿಯ ಹೊತ್ತಿಗೆ, ಮತ್ತೊಂದು ಬಿರುಮಳೆಗೆ, ಏರಿ ಮತ್ತೆ ಒಡೆಯಿತು. ಮನೆ ಬಿಟ್ಟು ಓಡಿದವರಲ್ಲಿ ಬಹಳಷ್ಟು ಜನ ಹೊಲದಲ್ಲಿ ಕೂಲಿ ಮಾಡುವವರು. ಮನೆ ಕೆಸರಾಯಿತು, ಸ್ಟ್ರಾಬೆರಿ ಹೊಲ ಮುಳುಗಿದ್ದರಿಂದ ಕೂಲಿಯೂ ಹೋಯಿತು. ಬಡವರ ಮನೆಗೆ ಬೆಲೆ ಕಮ್ಮಿ ಅನ್ನುವ ಆ ಲೆಕ್ಕವನ್ನು ನನಗೆ ಒಪ್ಪಲು ಆಗುವುದೇ ಇಲ್ಲ.

ಇನ್ನು ಕ್ಯಾಲಿಫೋರ್ನಿಯಾದ್ದೇ ಟುಲೇರಿ ಕೆರೆ. ಅದನ್ನು ನೂರು ವರ್ಷಕ್ಕೂ ಹಿಂದೆ ಬತ್ತಿಸಿ ಹತ್ತಿ, ಟೊಮೆಟೊ ಬೆಳೆಯುತ್ತಿದ್ದರು. 2023ರಲ್ಲೇ ನೀರು ಹಳೇ ಜಾಗ ಹುಡುಕಿಕೊಂಡು ಬಂದು, ಸಾವಿರಾರು ಎಕರೆ ಹೊಲ ಮತ್ತೆ ಕೆರೆಯಾಯಿತು.

ಮಗಳಿಗೆ ಎರಡು ಮಾತು ಹೇಳಿ. ಮನೆ ನೋಡುವ ಮುಂಚೆ ಆ ವಿಳಾಸವನ್ನು ಫೆಮಾ ಎಂಬ ಅಮೆರಿಕ ಸರ್ಕಾರದ ವಿಪತ್ತು ನಿರ್ವಹಣಾ ಸಂಸ್ಥೆಯ ಪ್ರವಾಹ ನಕ್ಷೆಯಲ್ಲಿ ಹಾಕಿ ನೋಡಲಿ, ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಅಲ್ಲಿ ಮಾಮೂಲಿ ಮನೆ ವಿಮೆಯಲ್ಲಿ ಪ್ರವಾಹದ ನಷ್ಟ ಸೇರಿರುವುದಿಲ್ಲ, ಅದಕ್ಕೆ ಬೇರೆ ಪಾಲಿಸಿ ಬೇಕು. ಸರ್ಕಾರಿ ಯೋಜನೆಯ ಪಾಲಿಸಿ ಜಾರಿಗೆ ಬರಲು ಸಾಮಾನ್ಯವಾಗಿ 30 ದಿನ ಹಿಡಿಯುತ್ತದೆ, ಹಾಗಾಗಿ ಮೋಡ ಕಂಡ ಮೇಲೆ ಓಡಾಡಿದರೆ ಪ್ರಯೋಜನವಿಲ್ಲ. ಸೆಪ್ಟೆಂಬರ್‌ನಲ್ಲೇ ಮಾಡಿಸಲಿ.