ಗೌರಿ ಅಂದ್ರೆ ಹಸು ಅಂತ ಸೇರಿಸಿ ಬರೆಯಿರಿ

ಓದುಗರ ಪ್ರಶ್ನೆ, ವಕೀಲರ ಉತ್ತರ

ಹೋದ ಸಲ ಜಾಮೀನಿನ ಬಗ್ಗೆ ಕೇಳಿ ಎಂದಿದ್ದೆ. ಜಾಮೀನಿನ ಬಗ್ಗೆ ಬಂದ ಪ್ರಶ್ನೆ ಎರಡೇ ಎರಡು. ಉಳಿದವೆಲ್ಲ ಜೈಲಿನ ಭೇಟಿ, ಜೈಲಿಗೆ ಕಾಗದ, ಬಯಲು ಜೈಲು (ದೊಡ್ಡ ಗೋಡೆ ಇಲ್ಲದೆ, ಕೈದಿಗಳನ್ನು ನಂಬಿ ಇಡುವ ಜೈಲು) ಇವುಗಳ ಬಗ್ಗೆ. ಇವೇ ಪ್ರಶ್ನೆಗಳನ್ನು ಕೋರ್ಟಿನ ಕಾರಿಡಾರಿನಲ್ಲಿ, ಮದುವೆ ಮನೆಯಲ್ಲಿ, ಒಮ್ಮೆ ಕಟಿಂಗ್ ಶಾಪಿನಲ್ಲಿ ಮುಖಕ್ಕೆ ಸೋಪು ಹಚ್ಚಿಸಿಕೊಂಡು ಕೂತಾಗಲೂ ಕೇಳಿದ್ದಾರೆ. ಶಿವಮೊಗ್ಗದಲ್ಲಿ ವಕೀಲಿ ಶುರು ಮಾಡಿ ಇಪ್ಪತ್ತೆರಡು ವರ್ಷ ಆಯ್ತು. ಕಾನೂನು ನೆರವಿನ ವಕೀಲನಾಗಿ ಸೋಗಾನೆ ಜೈಲಿನ ಗೇಟು ಎಷ್ಟು ಸಲ ದಾಟಿದ್ದೇನೋ ಲೆಕ್ಕ ಇಟ್ಟಿಲ್ಲ. ಅದಕ್ಕೇ ಒಂದೇ ಸಲ ಬರೆದುಬಿಡುತ್ತೇನೆ. ಆಧಾರ್ ಕಾರ್ಡ್ ಒಯ್ಯಬೇಕಾ, ಮೊಬೈಲ್ ಒಳಗೆ ಬಿಡ್ತಾರಾ ಅಂತೆಲ್ಲ ಕೇಳಿದವರಿಗೆ ಇಲ್ಲಿ ಜಾಗ ಇಲ್ಲ. ಅಷ್ಟು ನಿಮಗೇ ಗೊತ್ತಿರಬೇಕು.

ಪ್ರಶ್ನೆ: ನನ್ನ ಮಗನ ಕೇಸು ಇನ್ನೂ ನಡೀತಾ ಇದೆ. ಅವನನ್ನು ಬಯಲು ಜೈಲಿಗೆ ಹಾಕಿಸಿಕೊಡ್ತೀನಿ ಅಂತ ಒಬ್ಬರು ಅರವತ್ತು ಸಾವಿರ ಕೇಳ್ತಿದ್ದಾರೆ. ಕೊಡಬಹುದಾ? (ಭದ್ರಾವತಿ)

ಕೊಡಬೇಡಿ. ಬಯಲು ಬಂದೀಖಾನೆ ಇರುವುದು ಶಿಕ್ಷೆ ಆದವರಿಗೆ. ಅದರಲ್ಲೂ ಕೆಲವು ವರ್ಷ ಒಳಗೆ ಕಳೆದು, ನಡತೆ ಸರಿ ಇದೆ ಅಂತ ಇಲಾಖೆಯೇ ಆರಿಸಿದವರಿಗೆ. ವಿಚಾರಣಾಧೀನ ಕೈದಿಯನ್ನು ಅಲ್ಲಿಗೆ ಯಾರೂ ಹಾಕಿಸಲು ಆಗುವುದಿಲ್ಲ. ಕೇಳಿದವನ ನಂಬರ್ ಪೊಲೀಸರಿಗೆ ಕೊಡಿ. ಜೈಲಿನಲ್ಲಿರುವ ಯಾರಿಗೇ ಆಗಲಿ ವಕೀಲರು ಪುಕ್ಕಟೆ ಸಿಗುತ್ತಾರೆ, ಆದಾಯ ಎಷ್ಟಿದ್ದರೂ ಸರಿ. 1987ರ ಕಾನೂನು ಅದು. ಕಾನೂನು ನೆರವಿನ ಸಹಾಯವಾಣಿ 15100ಕ್ಕೆ ಫೋನ್ ಮಾಡಿ.

ಪ್ರಶ್ನೆ: ಜೈಲಿನಲ್ಲಿ ಹಗಲು ಒಂದು ದಿನ, ರಾತ್ರಿ ಒಂದು ದಿನ ಅಂತ ಲೆಕ್ಕವಂತೆ. ಹಾಗಾದ್ರೆ ಹದಿನಾಲ್ಕು ವರ್ಷದ ಜೀವಾವಧಿ ಅಂದ್ರೆ ಏಳೇ ವರ್ಷ ಅಲ್ವಾ? (ಶಿಕಾರಿಪುರ)

ಅಲ್ಲ. ಈ ಲೆಕ್ಕ ಹುಟ್ಟಿಸಿದವರು ಯಾರೋ, ನನ್ನ ಕೈಗೆ ಸಿಕ್ಕಿಲ್ಲ. ಜೈಲಿನಲ್ಲೂ ದಿನಕ್ಕೆ 24 ಗಂಟೆ. ಜೀವಾವಧಿ ಅಂದರೆ ಜೀವ ಇರುವ ತನಕ. 14 ವರ್ಷ ಅನ್ನುವುದು ಬಿಡುಗಡೆಯ ತಾರೀಕಲ್ಲ. ಕೊಲೆಯಂಥ ಕೇಸಿನಲ್ಲಿ ಜೀವಾವಧಿ ಆದವರನ್ನು ಅಷ್ಟು ವರ್ಷ ಆಗುವ ಮೊದಲು ಸರ್ಕಾರ ಶಿಕ್ಷೆ ತಗ್ಗಿಸಿ ಬಿಡುವಂತಿಲ್ಲ, ಅಷ್ಟೇ ಅದರ ಅರ್ಥ. ಆಮೇಲೂ ಬಿಡಲೇಬೇಕು ಅಂತೇನಿಲ್ಲ.

ಪ್ರಶ್ನೆ: ಬಯಲು ಜೈಲಿನಲ್ಲಿ ಹೆಂಡತಿ ಮಕ್ಕಳನ್ನೂ ಜೊತೆಗೆ ಇಟ್ಟುಕೊಳ್ಳಬಹುದಂತೆ ಹೌದಾ? (ಸೊರಬ)

ಅದು ರಾಜಸ್ಥಾನದಲ್ಲಿ, ಜೈಪುರದ ಹತ್ತಿರದ ಸಾಂಗಾನೇರ್ ಜೈಲಿನ ವಿಷಯ. ವಾಟ್ಸಾಪ್‌ನಲ್ಲಿ ಬಂದದ್ದೆಲ್ಲ ನಮ್ಮ ಬಯಲು ಜೈಲು ಇರುವ ದೇವನಹಳ್ಳಿಯದ್ದಲ್ಲ.

ಪ್ರಶ್ನೆ: ನನ್ನ ತಮ್ಮನಿಗೆ ಜೀವಾವಧಿ ಆಗಿದೆ. ಎಂಟು ವರ್ಷ ಸೋಗಾನೆಯಲ್ಲಿದ್ದ. ಈಗ ದೇವನಹಳ್ಳಿ ಕಡೆಯ ಬಯಲು ಜೈಲಿಗೆ ಕಳಿಸಿದ್ದಾರೆ. ಒಳ್ಳೆಯದೇ ಆಯ್ತು, ಆದರೆ ನಮಗೆ ದೂರ. ವರ್ಷಕ್ಕೊಮ್ಮೆ ಹೋದರೆ ಹೆಚ್ಚು. ಹೋದರೂ ಏನು ಮಾತಾಡಬೇಕೋ ತೋಚಲ್ಲ. ಕಾಗದ ಬರಿ ಅಂತಾನೆ. ಏನು ಬರೆಯೋದು? ಇನ್ನೊಂದು ವಿಷಯ. ಈ ಮಳೆಗಾಲದಲ್ಲಿ ಅಪ್ಪ ತೀರಿಕೊಂಡರು. ಅವನಿಗೆ ಹೇಳಿಲ್ಲ. ಹೇಳಬೇಕಾ? (ಹೊಸನಗರ ತಾಲ್ಲೂಕು)

ಅಕ್ಕಾ, ಕೊನೆಯದನ್ನು ಮೊದಲು ಹೇಳುತ್ತೇನೆ. ಹೇಳಬೇಕು. ಈ ತಿಂಗಳಲ್ಲೇ ಹೇಳಬೇಕು.

ವಕೀಲಿಗೆ ಹೊಸದಾಗಿ ಬಂದಾಗ ನನ್ನ ಹತ್ತಿರ ಇಂಥದ್ದೇ ಒಂದು ಮನೆಯವರು ಬಂದಿದ್ದರು. ತಾಯಿ ಹೋಗಿದ್ದಾರೆ, ಒಳಗಿರುವ ಹುಡುಗ ಮೊದಲೇ ಕುಗ್ಗಿದ್ದಾನೆ, ಏನು ಮಾಡೋಣ ಅಂದರು. ಈಗಲೇ ಹೇಳಬೇಡಿ, ಸುಮ್ನೆ ಯಾಕೆ ನೋಯಿಸ್ತೀರಿ ಎಂದೆ. ದೊಡ್ಡ ಬುದ್ಧಿವಂತನ ಹಾಗೆ. ಏಳು ತಿಂಗಳ ನಂತರ ಅವನು ಪೆರೋಲ್ ಮೇಲೆ, ಅಂದರೆ ಜೈಲಿನಿಂದ ಕೆಲವು ದಿನದ ರಜೆ ಮೇಲೆ, ಊರಿಗೆ ಬಂದ. ಬಸ್ ಇಳಿದು ನಡೆದು ಬಂದು ಜಗಲಿ ಹತ್ತಿದ. ಗೋಡೆಯಲ್ಲಿ ತಾಯಿಯ ಫೋಟೋ, ಫೋಟೋಕ್ಕೆ ಗಂಧದ ಹಾರ. ಅಣ್ಣ ಒಳಗಿಂದ ನೀರಿನ ಚೊಂಬು ತಂದು ಹಿಡಿದರೆ ಅದನ್ನು ಮುಟ್ಟಲಿಲ್ಲವಂತೆ. ಪೆರೋಲ್ ಮುಗಿಯುವ ತನಕ ಆ ಅಣ್ಣನ ಜೊತೆ ಮಾತಾಡಲಿಲ್ಲ. ನನ್ನ ಹತ್ತಿರ ಬಂದು ಒಂದೇ ಮಾತು ಕೇಳಿದ: "ಆವತ್ತೇ ಹೇಳಿದ್ರೆ ಮಣ್ಣಿಗೆ ಬರಬಹುದಿತ್ತಲ್ವಾ ಸಾರ್?"

ಬರಬಹುದಿತ್ತು. ತಂದೆ ತಾಯಿ ತೀರಿಕೊಂಡಾಗ ತುರ್ತಾಗಿ ಪೆರೋಲ್ ಕೇಳಲು ಅವಕಾಶ ಇದೆ. ಕೊಡುತ್ತಾರೋ ಬಿಡುತ್ತಾರೋ, ಕೇಳುವ ಹಕ್ಕನ್ನು ನಾನು ಅವನ ಕೈಯಿಂದ ಕಿತ್ತುಕೊಂಡಿದ್ದೆ. ಆವತ್ತಿನಿಂದ ಈ ಸಲಹೆಯನ್ನು ಯಾರಿಗೂ ಕೊಟ್ಟಿಲ್ಲ.

ಕಾಗದದಲ್ಲಿ ಮಾತ್ರ ಹೇಳಬೇಡಿ. ಎದುರಿಗೆ ಹೋಗಿ. ಹೊರಡುವ ಮೊದಲು ಜೈಲಿನ ಕಚೇರಿಗೆ ಫೋನ್ ಮಾಡಿ, ಹೀಗೊಂದು ಸುದ್ದಿ ಹೇಳಲು ಬರುತ್ತಿದ್ದೇವೆ, ಆವತ್ತು ರಾತ್ರಿ ಅವನ ಮೇಲೆ ಸ್ವಲ್ಪ ಕಣ್ಣಿಡಿ ಅಂತ ಕೇಳಿಕೊಳ್ಳಿ. ಅಧಿಕಾರಿಗಳೂ ಮನುಷ್ಯರೇ, ಕೇಳಿದರೆ ಮಾಡುತ್ತಾರೆ. ಭೇಟಿಯ ಕೊನೆಯಲ್ಲಿ ಹೇಳಿ ಎದ್ದು ಬರಬೇಡಿ. ಕೂತ ತಕ್ಷಣ ಹೇಳಿ. ಉಳಿದ ಹೊತ್ತು ಅವನಿಗೆ ಬೇಕಾಗುತ್ತದೆ. ಅಪ್ಪನ ಕೊನೆಯ ದಿನಗಳ ಬಗ್ಗೆ ಕೇಳುತ್ತಾನೆ. ಯಾವ ಆಸ್ಪತ್ರೆ, ಯಾರು ಜೊತೆಗಿದ್ದರು, ತನ್ನ ಹೆಸರು ತೆಗೆದರಾ ಅಂತ. ತೆಗೆಯದೆ ಇದ್ದರೆ ತೆಗೆದರು ಅಂತ ಕಟ್ಟಬೇಡಿ. ವರ್ಷಾಂತಕ್ಕೆ ಬರಲು ಪೆರೋಲ್ ಕೇಳು, ಇಲ್ಲಿನ ಪೊಲೀಸ್ ವರದಿಗೆ ನಾವು ಓಡಾಡುತ್ತೇವೆ ಅಂತ ಹೇಳಿ. ಹೇಳಿದ ಮೇಲೆ ಓಡಾಡಿ.

ಹೋಗುವ ದಾರಿ. ಬಯಲು ಬಂದೀಖಾನೆ ಇರುವ ಊರಿನ ಹೆಸರು ಕೋರಮಂಗಲ. ಬೆಂಗಳೂರು ನಗರದ ಕೋರಮಂಗಲ ಅಲ್ಲ! ಇದು ದೇವನಹಳ್ಳಿ ತಾಲ್ಲೂಕಿನ ಹಳ್ಳಿ. ತೀರ್ಥಹಳ್ಳಿ ಕಡೆಯ ಒಂದು ಕುಟುಂಬ ಮೆಜೆಸ್ಟಿಕ್‌ನಲ್ಲಿ ಕೇಳಿಕೊಂಡು ಸಿಟಿ ಬಸ್ ಹತ್ತಿ, ಆ ಕೋರಮಂಗಲದಲ್ಲಿ ಇಳಿದು, ಪಾನಿಪುರಿ ಗಾಡಿಯ ಪಕ್ಕ ನಿಂತು ನನಗೆ ಫೋನ್ ಮಾಡಿತ್ತು. "ಇಲ್ಲಿ ಜೈಲಿಲ್ಲ, ಬರೀ ಹೋಟ್ಲು." ಆವತ್ತಿನ ಭೇಟಿ ತಪ್ಪಿತು. ನೀವು ಮೊದಲು ದೇವನಹಳ್ಳಿಗೆ ಹೋಗಿ, ಅಲ್ಲಿಂದ ಮುಂದೆ ಹಳ್ಳಿಗೆ. ಸರ್ಕಾರದ ಸಾಮಾನ್ಯ ಬಸ್ಸಿನಲ್ಲಿ ನಿಮಗೂ ಅಮ್ಮನಿಗೂ ಟಿಕೆಟ್ ದುಡ್ಡಿಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಎಷ್ಟೋ ತಾಯಂದಿರು ವರ್ಷಕ್ಕೊಂದು ಭೇಟಿಯನ್ನು ಮೂರು ನಾಲ್ಕು ಮಾಡಿದ್ದನ್ನು ಕಣ್ಣಾರೆ ನೋಡಿದ್ದೇನೆ. ಓಮ್ನಿ ತುಂಬ ಎಂಟು ಜನ ಹೋಗಬೇಡಿ. ಒಳಗೆ ಬಿಡುವುದು ಇಬ್ಬರು ಮೂವರನ್ನು. ಉಳಿದವರು ಹೊರಗೆ ಬಿಸಿಲಲ್ಲಿ ಕೂತು ಜಗಳ ಆಡುತ್ತಾರೆ. ಅದನ್ನೂ ನೋಡಿದ್ದೇನೆ.

ಇ-ಮುಲಾಕಾತ್ ಅಂತ ಸರ್ಕಾರದ ವೆಬ್‌ಸೈಟ್ ಇದೆ. ಭೇಟಿಗೆ ಅಲ್ಲಿ ಮೊದಲೇ ಹೆಸರು ಹಾಕಿಸಬಹುದು. ಅದಕ್ಕೆ ದುಡ್ಡಿಲ್ಲ. ಸೈಬರ್ ಸೆಂಟರಿನವರು ಟೈಪ್ ಮಾಡಿದ್ದಕ್ಕೆ ಐವತ್ತು ತಗೊಂಡರೆ ತಗೊಳ್ಳಲಿ. "ಜೈಲಿನ ಫೀಸು" ಅಂತ ಐನೂರು ಕೇಳಿದರೆ ಎದ್ದು ಬನ್ನಿ. ತಮ್ಮನ ಹೆಸರು, ಅಪ್ಪನ ಹೆಸರು ಜೈಲಿನ ದಾಖಲೆಯಲ್ಲಿ ಹೇಗಿದೆಯೋ ಹಾಗೇ ಇರಲಿ. ನಮ್ಮ ಕಡೆ ಮಂಜುನಾಥ ಅಂದರೆ ಕೂಗಿದಲ್ಲಿ ನಾಲ್ಕು ಜನ ತಿರುಗುತ್ತಾರೆ, ಮನೆಯಲ್ಲಿ ಕರೆಯುವ ಹೆಸರು ಅಲ್ಲಿ ನಡೆಯುವುದಿಲ್ಲ. ಒಪ್ಪಿಗೆ ಬಂದ ಮೇಲೆ ಹೊರಡಿ, ಅರ್ಜಿ ಹಾಕಿದ ಕೂಡಲೇ ಅಲ್ಲ.

ಇನ್ನು ಕಾಗದ. ನನಗೆ ನಿಜಕ್ಕೂ ಹೇಳಬೇಕಾಗಿರುವುದು ಇದೇ. ಭೇಟಿ ಆದರೆ ಅಬ್ಬಬ್ಬಾ ಅಂದರೆ ಅರ್ಧ ಗಂಟೆ. ಅದರಲ್ಲಿ ಹತ್ತು ನಿಮಿಷ ಅಳು, ಐದು ನಿಮಿಷ "ಊಟ ಮಾಡಿದ್ಯಾ". ಕಾಗದ ಹಾಗಲ್ಲ. ಅದನ್ನು ಅವನು ದಿಂಬಿನ ಕೆಳಗೆ ಇಟ್ಟುಕೊಳ್ಳುತ್ತಾನೆ. ಬೇಜಾರಾದಾಗ ತೆಗೆದು ಓದುತ್ತಾನೆ. ಸೋಗಾನೆಯಲ್ಲಿ ಒಬ್ಬ ಹಿರಿಯರು ಒಂದು ಇನ್‌ಲ್ಯಾಂಡ್ ಲೆಟರನ್ನು ನನಗೆ ತೋರಿಸಿದ್ದರು. ಮಡಚಿದ ಗೆರೆ ಹರಿದು ಮೂರು ತುಂಡಾಗಿತ್ತು. ಅನ್ನದ ಅಗುಳಿನಿಂದ ಅಂಟಿಸಿದ್ದರು. ಅದರಲ್ಲಿ ಇದ್ದದ್ದೇನು? ಬಾವಿ ಹೂಳು ತೆಗೆಸಿದ್ದು, ಮೊಮ್ಮಗಳಿಗೆ ಹಲ್ಲು ಬಂದದ್ದು, ಪಕ್ಕದ ಮನೆಯವರು ಬೇಲಿ ಒಂದು ಗೇಣು ಈಚೆ ಹಾಕಿದ್ದು. ಆ ಬೇಲಿಯ ವಿಷಯಕ್ಕೆ ಅವರಿಗೆ ಇನ್ನೂ ಸಿಟ್ಟಿತ್ತು. ಜೈಲಿನಲ್ಲಿ ಕೂತು ಬೇಲಿಗೆ ಸಿಟ್ಟು ಮಾಡಿಕೊಳ್ಳುವ ಮನುಷ್ಯ ಇನ್ನೂ ಮನೆಯ ಯಜಮಾನನೇ.

ಅಂಥದ್ದನ್ನೇ ಬರೆಯಿರಿ. ಧೈರ್ಯವಾಗಿರು, ದೇವರಿದ್ದಾನೆ, ಎಲ್ಲ ಸರಿಹೋಗುತ್ತೆ, ಇವೆಲ್ಲ ಒಂದು ಸಾಲು ಸಾಕು. ಈ ವರ್ಷ ಅಡಿಕೆಗೆ ಕೊಳೆ ರೋಗ ಎಷ್ಟು ಬಂತು, ಬೋರ್ಡೋ ಔಷಧಿ ಎಷ್ಟು ಸಲ ಹೊಡೆಸಿದಿರಿ, ಮರ ಹತ್ತಲು ಯಾರು ಬಂದರು, ಎಲೆಚುಕ್ಕಿ ರೋಗ ಯಾವ ಕಡೆಯ ತೋಟಕ್ಕೆ ಇಳಿಯಿತು, ರಾಶಿ ಅಡಿಕೆಗೆ ಎಷ್ಟು ಸಿಕ್ಕಿತು, ಇವನ್ನು ಬರೆಯಿರಿ. ನಿಮ್ಮ ತಮ್ಮ ಈಗ ಇರುವುದು ನಾಲ್ಕು ಗೋಡೆ ಮಧ್ಯೆ ಅಲ್ಲ, ಮಣ್ಣಿನ ಕೆಲಸ ಮಾಡುವ ಜಾಗದಲ್ಲಿ. ಬಯಲುಸೀಮೆಯ ಮಣ್ಣು, ನಮ್ಮದರ ಹಾಗಲ್ಲ. ಅವನನ್ನು ಕೇಳಿ: ಅಲ್ಲಿ ಏನು ಬೆಳೀತಾರೆ, ನೀರು ಹೇಗೆ ಅಂತ. ಅವನಿಗೆ ಉತ್ತರ ಬರೆಯಲು ಏನಾದರೂ ಸಿಗಬೇಕಲ್ಲ. ತೋಟದ ಒಂದು ನಿರ್ಧಾರವನ್ನು ಅವನಿಗೇ ಬಿಡಿ. ಕಾಳುಮೆಣಸಿನ ಬಳ್ಳಿ ಎಲ್ಲಿ ಹಬ್ಬಿಸೋಣ, ಹೇಳು ಅಂತ.

ಕಾಗದವನ್ನು ಜೈಲಿನವರು ಒಡೆದು ಓದುತ್ತಾರೆ. ಅದಕ್ಕೆ ಸಿಟ್ಟು ಬೇಡ, ನಿಯಮವೇ ಹಾಗಿದೆ. ಆದ್ದರಿಂದ ಕೇಸಿನ ವಿಷಯ, ಸಾಕ್ಷಿಗಳ ಹೆಸರು, ಒಳಗಿರುವ ಬೇರೆಯವರ ಸುದ್ದಿ, ಒಂದಕ್ಷರವೂ ಬೇಡ. ಅದಕ್ಕೆ ವಕೀಲರಿದ್ದಾರೆ. ಒಗಟಾಗಿಯೂ ಬರೆಯಬೇಡಿ. ನನ್ನ ಕಕ್ಷಿದಾರರೊಬ್ಬರ ಹೆಂಡತಿ "ಗೌರಿಯನ್ನು ಇಟ್ಟುಕೊಳ್ಳಲು ಆಗಲಿಲ್ಲ, ಹನ್ನೆರಡು ಸಾವಿರಕ್ಕೆ ಕೊಟ್ಟುಬಿಟ್ಟೆ" ಅಂತ ಬರೆದಿದ್ದರು. ಕಾಗದ ಕಚೇರಿಯಲ್ಲೇ ನಿಂತಿತು. ಗೌರಿ ಯಾರು ಅಂತ ಅವನನ್ನು ಕರೆಸಿ ವಿಚಾರಣೆ. ಹಸು ಸ್ವಾಮಿ, ಹಸು ಅಂತ ಹೇಳಿದರೂ ಎರಡು ದಿನ ನಂಬಲಿಲ್ಲ. ಗೌರಿ ಅಂದರೆ ಹಸು ಅಂತ ಸೇರಿಸಿ ಬರೆದರೆ ನಿಮಗೇನು ಖರ್ಚು?

ಶಿಕ್ಷೆ ಆದ ಮೇಲೆ ಕೈದಿಯ ನಂಬರ್ ಬದಲಾಗುತ್ತದೆ. ಯುಟಿಪಿ (ವಿಚಾರಣಾಧೀನ ಕೈದಿ) ನಂಬರ್ ಹೋಗಿ ಸಿಟಿಪಿ (ಶಿಕ್ಷೆ ಆದ ಕೈದಿ) ನಂಬರ್ ಬರುತ್ತದೆ. ಈಗ ಜೈಲೂ ಬದಲಾಗಿದೆ. ಹಳೇ ಕವರ್ ನೋಡಿಕೊಂಡು ವಿಳಾಸ ಬರೆಯಬೇಡಿ, ಈಗಿನ ನಂಬರ್ ಕೇಳಿ ಬರೆಯಿರಿ. ಕವರಿನೊಳಗೆ ನೋಟು ಇಡಬೇಡಿ. ನಿಮ್ಮ ವಿಳಾಸ ಬರೆದ ಖಾಲಿ ಇನ್‌ಲ್ಯಾಂಡ್ ಒಂದನ್ನು ಇಡಿ. ಎಷ್ಟೋ ಜನ ಉತ್ತರ ಬರೆಯದೆ ಇರುವುದು ಕೋಪಕ್ಕಲ್ಲ, ಕಾಗದ ಸಿಗದೆ. ಇನ್ನು ಕೆಲವರು ಬರೆಯದೆ ಇರುವುದು ನಾಚಿಕೆಗೆ. ಅಂಥವರಿಗೆ ಉತ್ತರ ಬಾರದಿದ್ದರೂ ಬರೆಯುತ್ತಲೇ ಇರಬೇಕು. ತಿಂಗಳಿಗೆ ಎರಡು ಪುಟ್ಟ ಕಾಗದ ಸಾಕು. ವರ್ಷಕ್ಕೊಂದು ಹನ್ನೆರಡು ಪುಟದ ಪುರಾಣಕ್ಕಿಂತ ಅದು ಮೇಲು. ಅಮ್ಮನಿಗೆ ಬರೆಯಲು ಬಾರದಿದ್ದರೆ ಅವರು ಹೇಳಿದ್ದನ್ನು ಹೇಳಿದ ಹಾಗೇ ಬರೆಯಿರಿ. ತಿದ್ದಬೇಡಿ. "ಉಭಯ ಕುಶಲೋಪರಿ" ಎಲ್ಲ ಬೇಡ. ಅಮ್ಮ ಹಾಗೆ ಮಾತಾಡುತ್ತಾರಾ?

ಪ್ರಶ್ನೆ: ಕೈದಿಗಳ ಕಾಗದಕ್ಕೆ ಯಾರು ಬೆಲೆ ಕೊಡ್ತಾರೆ? ಟೈಂ ವೇಸ್ಟ್ ಅಲ್ವಾ? (ಶಿವಮೊಗ್ಗ)

ಬೆಂಗಳೂರಿನ ಸೆಂಟ್ರಲ್ ಜೈಲು ಈಗ ಫ್ರೀಡಂ ಪಾರ್ಕ್ ಇರುವ ಜಾಗದಲ್ಲಿದ್ದಾಗ, 1984ರಲ್ಲಿ, ರಾಮಮೂರ್ತಿ ಎಂಬ ಕೈದಿ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಿಗೆ ಒಂದು ಕಾಗದ ಬರೆದರು. ಕೋರ್ಟು ಅದನ್ನೇ ಅರ್ಜಿ ಅಂತ ತಗೊಂಡಿತು. 1996ರಲ್ಲಿ ಬಂದ ತೀರ್ಪಿನಲ್ಲಿ ಕೈದಿಗಳ ಪತ್ರ ವ್ಯವಹಾರ, ಮನೆಯವರ ಭೇಟಿ, ಬಯಲು ಜೈಲು ಮೂರರ ಬಗ್ಗೆಯೂ ಇದೆ. ಮನೆಯವರನ್ನು ನೋಡುವುದು ಕೈದಿಯ ಬದುಕುವ ಹಕ್ಕಿನ ಭಾಗ ಅಂತ ಅದೇ ಕೋರ್ಟು 1981ರಲ್ಲೇ ಹೇಳಿತ್ತು. ನಾನು ಇಪ್ಪತ್ತೆರಡು ವರ್ಷದಲ್ಲಿ ಬರೆದ ಅರ್ಜಿಗಳಿಗೆಲ್ಲ ಸೇರಿ ಅಷ್ಟು ಬೆಲೆ ಬಂದಿಲ್ಲ.

ಪ್ರಶ್ನೆ: ಗುಟ್ಕಾ, ಎಲೆ ಅಡಿಕೆ ತಂಬಾಕು, ಸ್ವಲ್ಪವೇ ಸ್ವಲ್ಪ ತಗೊಂಡು ಹೋದರೆ? ಬಯಲು ಜೈಲಲ್ವಾ, ಗೋಡೆನೇ ಇಲ್ಲ. (ಸಾಗರ)

ಗೋಡೆ ಇಲ್ಲದ್ದು ಕೈದಿಯ ಮೇಲಿನ ನಂಬಿಕೆಗೆ. ನಿಮ್ಮ ಪೊಟ್ಟಣ ಸಿಕ್ಕಿಬಿದ್ದರೆ ನಿಮ್ಮ ಮೇಲೆ ಕೇಸು, ಅವನಿಗೆ ಮತ್ತೆ ದೊಡ್ಡ ಗೋಡೆಯ ಜೈಲು. ಮುಂದಿನ ಪ್ರಶ್ನೆ.

ಪ್ರಶ್ನೆ: ಬಂಧನ ಯೋಗ ಇದೆ, ಶಾಂತಿ ಮಾಡಿಸಿದರೆ ಬೇಗ ಬಿಡುಗಡೆ ಅಂತ ಜ್ಯೋತಿಷಿ ಹೇಳಿದ್ದಾರೆ. ಇಪ್ಪತ್ತೈದು ಸಾವಿರ ಆಗುತ್ತದೆ. (ತೀರ್ಥಹಳ್ಳಿ)

ಅಷ್ಟು ದುಡ್ಡಿಗೆ ಎಷ್ಟು ಇನ್‌ಲ್ಯಾಂಡ್ ಲೆಟರ್ ಬರುತ್ತದೆ ಅಂತ ಪೋಸ್ಟ್ ಮಾಸ್ಟರನ್ನು ಕೇಳಿ.

ಪ್ರಶ್ನೆ: ಜೈಲಿಗೆ ಹೋಗಿ ಬಂದ ಮೇಲೆ ಮನೆಯೊಳಗೆ ಬರುವ ಮೊದಲು ತಲೆ ಮೇಲೆ ನೀರು ಹಾಕಿಕೊಳ್ಳಬೇಕು ಅಂತ ಅತ್ತೆ ಹೇಳ್ತಾರೆ. ಶಾಸ್ತ್ರ ಇದೆಯಾ? (ಹೊಸನಗರ)

ಶಾಸ್ತ್ರ ನನಗೆ ಬೇಡ. ದೇವನಹಳ್ಳಿಯಿಂದ ಹೊಸನಗರಕ್ಕೆ ರಾತ್ರಿ ಬಸ್ಸಿನಲ್ಲಿ, ಅದೂ ಹಿಂದಿನ ಸೀಟಿನಲ್ಲಿ ಕೂತು ಬಂದಿರುತ್ತೀರಿ. ಬಚ್ಚಲ ಒಲೆಗೆ ಬೆಂಕಿ ಹಾಕಿಡಲು ಅತ್ತೆಯವರಿಗೇ ಹೇಳಿ ಹೋಗಿ.