ಧ್ವನಿ ಮಗನದ್ದೇ ಇರಲಿ, ಅಕೌಂಟ್ ಯಾರದ್ದು?

ಬ್ಯಾಂಕಿನ ಕೌಂಟರಿನ ಒಳಗೆ 30 ವರ್ಷ ಕೂತು ಎದ್ದು ಬಂದವನು ನಾನು. ಈಗ ಕೇರಳದ ಗಡಿಯ ಕಾಸರಗೋಡಿನ ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ವಾಚನಾಲಯಗಳಲ್ಲಿ ಆನ್‌ಲೈನ್ ಮೋಸದ ಬಗ್ಗೆ ಮಾತಾಡುತ್ತೇನೆ. ಎಲ್ಲಿ ಹೋದರೂ ಅವೇ ನಾಲ್ಕು ಪ್ರಶ್ನೆ. ಮೈಕ್ ಕೆಳಗಿಟ್ಟು ಚಪ್ಪಲಿ ಹಾಕುವಾಗ ಯಾರಾದರೂ ಬಂದು ಅದನ್ನೇ ಮತ್ತೆ ಕೇಳುತ್ತಾರೆ. ಅದಕ್ಕೇ ಈ ಸಲ, ಸಂಬಂಧಿಕರ ಹೆಸರು ಹೇಳಿ ಅರ್ಜೆಂಟ್ ದುಡ್ಡು ಕೇಳುವವರ ಬಗ್ಗೆ ಬಂದ ಪತ್ರಗಳನ್ನು ಒಟ್ಟಿಗೆ ಹಿಡಿದುಕೊಂಡು ಕೂತಿದ್ದೇನೆ. ಒಟಿಪಿ ಯಾರಿಗೂ ಕೊಡಬೇಡಿ ಅಂತ ಮತ್ತೆ ಬರೆಯುವುದಿಲ್ಲ. ಅದನ್ನು ಕಾಲರ್ ಟ್ಯೂನಿನಲ್ಲೇ ಬೇಕಾದಷ್ಟು ಕೇಳಿದ್ದೀರಿ.

ಮಗ ದುಬೈಯಲ್ಲಿದ್ದಾನೆ. ವಾಟ್ಸಾಪ್‌ನಲ್ಲಿ ಅವನ ಫೋಟೊ ಇದ್ದ ಹೊಸ ನಂಬರಿನಿಂದ ಕಾಲ್ ಬಂತು. “ಅಮ್ಮಾ, ಆಕ್ಸಿಡೆಂಟ್ ಆಯ್ತು, ಪೊಲೀಸರು ಹಿಡಿದಿದ್ದಾರೆ, 80,000 ಬೇಕು, ಅಪ್ಪನಿಗೆ ಹೇಳಬೇಡ” ಅಂತ ಅತ್ತ. ಧ್ವನಿ ಅವನದ್ದೇ. ಪುಣ್ಯಕ್ಕೆ ಅಕೌಂಟಿನಲ್ಲಿ ಅಷ್ಟು ಇರಲಿಲ್ಲ. ಎಐ ಧ್ವನಿ ಅಂತ ಗುರುತಿಸುವುದು ಹೇಗೆ? ಅದಕ್ಕೆ ಆ್ಯಪ್ ಉಂಟಾ? – ಗೃಹಿಣಿ, ನೀರ್ಚಾಲು

ಗುರುತಿಸಬೇಡಿ. ಆ ಕೆಲಸಕ್ಕೆ ಕೈಯೇ ಹಾಕಬೇಡಿ.

ನನಗೆ ಅತಿ ಹೆಚ್ಚು ಸಿಟ್ಟು ತರಿಸುವ ಪ್ರಶ್ನೆ ಇದು. ಸಿಟ್ಟು ನಿಮ್ಮ ಮೇಲಲ್ಲ, ಇದನ್ನು ಒಂದು ವಿದ್ಯೆ ಅಂತ ಯೂಟ್ಯೂಬಿನಲ್ಲಿ ಕಲಿಸುತ್ತಿರುವವರ ಮೇಲೆ. ಉಸಿರಿನ ಶಬ್ದ ಕೇಳಿ, ಕಣ್ಣು ಮಿಟುಕಿಸುತ್ತಾರಾ ನೋಡಿ, ಬೆರಳು ಎಣಿಸಿ ಅನ್ನುತ್ತಾರೆ. 2023ರ ಜನವರಿಯಲ್ಲೇ ಮೈಕ್ರೋಸಾಫ್ಟ್‌ನವರು ಒಂದು ಪ್ರಯೋಗ ತೋರಿಸಿದ್ದರು. ಒಬ್ಬರ ಧ್ವನಿಯ 3 ಸೆಕೆಂಡಿನ ತುಣುಕು ಸಾಕು, ಅದೇ ಧ್ವನಿಯಲ್ಲಿ ಬೇಕಾದ್ದನ್ನು ಹೇಳಿಸಬಹುದು ಅಂತ. ಅದು ಆಗಿನ ಕಥೆ. ನಿಮ್ಮ ಕಿವಿ, ನನ್ನ ಕಿವಿ ಅದರ ಮುಂದೆ ಏನೂ ಅಲ್ಲ. ಕಿವಿಯ ಮೇಲೆ ಭರವಸೆ ಇಟ್ಟವರೇ ಮೊದಲು ಬೀಳುವುದು.

ಇನ್ನೊಂದು ವಿಷಯ. ನಿಮಗೆ ಬಂದದ್ದು ಎಐ ಧ್ವನಿಯೇ ಅಂತ ನೀವು ಹೇಗೆ ಹೇಳುತ್ತೀರಿ? ಅಳುತ್ತಾ, ಲೈನ್ ಕಟ್ ಕಟ್ ಆಗುತ್ತಾ “ಅಮ್ಮಾ” ಅಂತ ಯಾವ ಹುಡುಗ ಕರೆದರೂ ಅಮ್ಮನ ಕಿವಿಗೆ ಅದು ಸ್ವಂತ ಮಗನೇ. ಗಾಬರಿಯಲ್ಲಿ ನಾವೇ ಕೇಳುತ್ತೇವೆ, “ಯಾರು, ರಾಜುವಾ?” ಆ ಕಡೆಯವನು “ಹೌದಮ್ಮ, ರಾಜು” ಅಂದರೆ ಮುಗಿಯಿತು. ಹೆಸರು ಕೊಟ್ಟದ್ದು ನಾವು, ಅವನಲ್ಲ. ಇದಕ್ಕೆ ಯಾವ ಕಂಪ್ಯೂಟರೂ ಬೇಡ.

ನಾನು ಕೆಲಸ ಮಾಡಿದ ಒಂದು ಶಾಖೆಯಲ್ಲಿ ನಡೆದದ್ದು ಹೇಳುತ್ತೇನೆ. ಮಧ್ಯಾಹ್ನ ಊಟಕ್ಕೆ ಏಳುವ ಹೊತ್ತು. ಅರುವತ್ತು ದಾಟಿದ ಒಬ್ಬರು ಅಮ್ಮ ಬಂದರು. ಕೊಡೆ ಮಡಚದೆ ಹಾಗೇ ಕೌಂಟರಿಗೆ ಒರಗಿಸಿದರು. ಚಲನ್ ತುಂಬಿಸಿ ಕೊಡಿ, 45,000, ಬೇಗ ಅಂದರು. ಅಡಿಕೆ ಕೊಟ್ಟ ದುಡ್ಡು, ಅಕೌಂಟಿಗೆ ಬಂದು ಎರಡು ದಿನ ಆಗಿತ್ತಷ್ಟೆ. ಯಾರಿಗೆ ಅಂತ ಕೇಳಿದೆ. “ತಮ್ಮನ ಮಗನಿಗೆ. ಮಂಗಳೂರಲ್ಲಿ ಆಸ್ಪತ್ರೆಯಲ್ಲಿದ್ದಾನೆ.” ಚೀಟಿಯಲ್ಲಿದ್ದ ಅಕೌಂಟ್ ನಂಬರಿನ ಹೆಸರು ನೋಡಿದರೆ ಅದು ತಮ್ಮನ ಮಗನೂ ಅಲ್ಲ, ಆಸ್ಪತ್ರೆಯೂ ಅಲ್ಲ. ನಮ್ಮ ಕಡೆ ಯಾರೂ ಇಟ್ಟುಕೊಳ್ಳದ ಹೆಸರು, ಯಾವುದೋ ದೂರದ ಶಾಖೆಯ ಸೇವಿಂಗ್ಸ್ ಅಕೌಂಟ್. ಹುಡುಗನ ಹಳೇ ನಂಬರಿಗೆ ಒಂದು ಕಾಲ್ ಮಾಡಿ ಅಂದೆ. ಅವರಿಗೆ ಸಿಟ್ಟು ಬಂತು. “ಅವನ ಫೋನ್ ಒಡೆದಿದೆ ಅಂತ ಅವನೇ ಹೇಳಿದ್ದು, ನಿಮಗೆ ಎಂತ ಗೊತ್ತು?” ಕೊನೆಗೆ ಅವರ ಫೋನ್ ತೆಗೆದುಕೊಂಡು ನಾನೇ ಒತ್ತಿದೆ. ಎರಡನೇ ರಿಂಗಿಗೆ ಎತ್ತಿದ. ಬಾಯಲ್ಲಿ ಅನ್ನ. “ಅತ್ತೆ, ಉಣ್ಣುತ್ತಾ ಇದ್ದೇನೆ, ಆಮೇಲೆ ಮಾಡ್ಲಾ?” ಅಂದ. ಆ ಅಮ್ಮ ಕುರ್ಚಿಯಲ್ಲಿ ಕೂತು ಸೆರಗಿನಿಂದ ಮುಖ ಒರೆಸಿಕೊಂಡರು. ಹೋಗುವಾಗ ಕೊಡೆ ಮರೆತು ಹೋದರು.

ನಾನು ಆವತ್ತು ಧ್ವನಿ ಕೇಳಲಿಲ್ಲ. ನೋಡಿದ್ದು ದುಡ್ಡು ಹೋಗುವ ಜಾಗ ಮಾತ್ರ. ನೀವೂ ಅದನ್ನೇ ನೋಡಿ. ಯುಪಿಐನಲ್ಲಿ ನಂಬರ್ ಹಾಕಿದ ಕೂಡಲೇ ಹೆಸರು ಬರುತ್ತದೆ. 2025ರ ಜೂನ್ 30ರ ಒಳಗೆ ಎಲ್ಲ ಆ್ಯಪ್‌ಗಳೂ ಬ್ಯಾಂಕಿನ ದಾಖಲೆಯಲ್ಲಿರುವ ಹೆಸರನ್ನೇ ತೋರಿಸಬೇಕು ಅಂತ ನಿಯಮ ಆಗಿದೆ. ನೀವು “ಮಗ” ಅಂತ ಸೇವ್ ಮಾಡಿದ ಹೆಸರಲ್ಲ. ಅಲ್ಲಿ ಮಗನ ಹೆಸರು ಬರದಿದ್ದರೆ ಪಿನ್ ಒತ್ತುವ ಮಾತೇ ಇಲ್ಲ. “ಫ್ರೆಂಡಿನ ಅಕೌಂಟ್” ಅನ್ನುತ್ತಾನೆ, “ಆಸ್ಪತ್ರೆಯ ಕ್ಯಾಷಿಯರ್ ಅಕೌಂಟ್” ಅನ್ನುತ್ತಾನೆ. ಅನ್ನಲಿ. ಆಸ್ಪತ್ರೆಗೆ ಆಸ್ಪತ್ರೆಯ ಹೆಸರಿನಲ್ಲೇ ಅಕೌಂಟ್ ಇರುತ್ತದೆ.

ನಿಮ್ಮ ವಿಷಯದಲ್ಲಂತೂ ಇನ್ನೂ ಸುಲಭ. ದುಬೈ ಪೊಲೀಸರಿಗೆ ಊರಿನ ಯುಪಿಐ ದುಡ್ಡು ಯಾಕೆ? ಅಲ್ಲಿಯ ದಂಡ ದಿರ್ಹಮ್‌ನಲ್ಲಿ, ಅಲ್ಲಿಯ ವ್ಯವಸ್ಥೆಯಲ್ಲಿ. ಇನ್ನು ಅಲ್ಲಿ ವಾಟ್ಸಾಪ್ ಕಾಲ್‌ಗೆ ನಿರ್ಬಂಧ ಇದೆ. ಮೆಸೇಜ್ ಬರುತ್ತದೆ, ಕಾಲ್ ಸಾಮಾನ್ಯವಾಗಿ ಆಗುವುದಿಲ್ಲ. ನಿಮ್ಮ ಮಗ ದಿನಾ ಬೋಟಿಮ್ ಅನ್ನುವ ಕಾಲಿಂಗ್ ಆ್ಯಪ್‌ನಲ್ಲೇ ತಾನೆ ಮಾತಾಡುವುದು? ಗಲ್ಫ್‌ನಲ್ಲಿ ಮಕ್ಕಳಿರುವ ಎಷ್ಟೋ ಮನೆಗಳಲ್ಲಿ ಇದು ಎಲ್ಲರಿಗೂ ಗೊತ್ತಿರುವ ಸಂಗತಿ. ಗಾಬರಿ ಬಂದಾಗ ಮಾತ್ರ ನೆನಪಾಗುವುದಿಲ್ಲ.

ಹಾಗಾದರೆ ಏನು ಮಾಡಬೇಕು? ಕಾಲ್ ಕಟ್ ಮಾಡಿ. ಹಳೇ ನಂಬರಿಗೆ ನೀವೇ ಕಾಲ್ ಮಾಡಿ. ಮಗ ಎತ್ತದಿದ್ದರೆ ಅವನ ರೂಮಿನವರಿಗೆ ಮಾಡಿ. ಕಾಸರಗೋಡಿನ ಹುಡುಗ ದುಬೈಯಲ್ಲಿ ಒಬ್ಬನೇ ಇರುವುದು ನಾನಂತೂ ಕಂಡಿಲ್ಲ. ಉಪ್ಪಳದವನೋ ಮುಳ್ಳೇರಿಯದವನೋ ಜೊತೆಗಿರುತ್ತಾನೆ. ಅಂಥ ಇಬ್ಬರ ನಂಬರನ್ನು ಗೋಡೆಯ ಕ್ಯಾಲೆಂಡರಿನ ಹಿಂದೆ ಪೆನ್ನಿನಲ್ಲಿ ಬರೆದಿಡಿ. ಫೋನಿನ ಒಳಗಲ್ಲ, ಗೋಡೆಯಲ್ಲಿ. ಕೆಲವು ಸಲ ಹಳೇ ನಂಬರಿನಿಂದಲೇ ದುಡ್ಡು ಕೇಳುವ ಮೆಸೇಜ್ ಬರುತ್ತದೆ. ಅಂದರೆ ಅವನ ವಾಟ್ಸಾಪನ್ನೇ ಯಾರೋ ಕದ್ದಿದ್ದಾರೆ. ಆಗ ವಾಟ್ಸಾಪ್‌ನಲ್ಲಿ ಕಾಲ್ ಮಾಡಬೇಡಿ, ಮಾಮೂಲಿ ಕಾಲ್ ಮಾಡಿ. ಐಎಸ್‌ಡಿ ದುಡ್ಡು ಹೋದರೆ ಹೋಗಲಿ.

“ನಿಜವಾಗಿಯೂ ಆಕ್ಸಿಡೆಂಟ್ ಆಗಿದ್ದರೆ?” ಅಂತ ನೀವು ಕೇಳುತ್ತೀರಿ, ಗೊತ್ತು. ಆಗಿದ್ದರೂ ಹತ್ತು ನಿಮಿಷದ ಕಾಲ್‌ನಿಂದ ಏನೂ ಕೆಡುವುದಿಲ್ಲ. ಊರಿನ ಆಸ್ಪತ್ರೆಗಳ ಮಾತೇ ಆದರೆ, ಗಾಯಗೊಂಡು ಬಂದವರಿಗೆ ಮೊದಲು ಚಿಕಿತ್ಸೆ ಕೊಡಬೇಕು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ. ಅಡ್ವಾನ್ಸ್ ಕೇಳುತ್ತಾರೆ, ಇಲ್ಲ ಅನ್ನುವುದಿಲ್ಲ. ಆದರೆ ಯಾವ ಡಾಕ್ಟರೂ “ಅಪ್ಪನಿಗೆ ಹೇಳಬೇಡಿ” ಅನ್ನುವುದಿಲ್ಲ. ಆ ಮಾತು ಬಂದ ಕ್ಷಣವೇ ಅಪ್ಪನನ್ನು ಕರೆಯಿರಿ.

ವಿಡಿಯೊ ಕಾಲ್ ಆದರೆ ನಂಬಬಹುದಲ್ಲ ಅಂತ ಇನ್ನೂ ಮೂರು ಜನ ಬರೆದಿದ್ದಾರೆ. ನಂಬಬೇಡಿ. 2023ರ ಜುಲೈಯಲ್ಲಿ ನಮ್ಮದೇ ಕೋಝಿಕ್ಕೋಡಿನ ಒಬ್ಬ ನಿವೃತ್ತ ಉದ್ಯೋಗಿಗೆ ಹಳೆಯ ಸಹೋದ್ಯೋಗಿಯ ಮುಖವೇ ವಾಟ್ಸಾಪ್ ವಿಡಿಯೊದಲ್ಲಿ ಕಂಡಿತು. ಆಪರೇಷನ್ನಿಗೆ ಅಂತ 40,000 ಕೇಳಿತು, ಅವರು ಕಳಿಸಿದರು. ಮತ್ತೆ 35,000 ಕೇಳಿದಾಗ ಸಂಶಯ ಬಂತು. ಆಗ ಮಾಡಿದ್ದೇನು? ಸ್ನೇಹಿತನ ಹಳೇ ನಂಬರಿಗೆ ಕಾಲ್. ಅದನ್ನೇ ಮೊದಲ ಸಲ ಮಾಡಿದ್ದರೆ ಆಗುತ್ತಿತ್ತು. ಬೇಗ ದೂರು ಕೊಟ್ಟದ್ದರಿಂದ ಪೊಲೀಸರಿಗೆ ಆ ದುಡ್ಡು ಹಿಡಿಯಲು ಸಾಧ್ಯವಾಯಿತು.

ತುಳುವಿನಲ್ಲಿ ಮಾತಾಡಿಸಿದರೆ ಕಳ್ಳ ಸಿಕ್ಕಿಬೀಳುವುದಿಲ್ಲವೇ? – ಮಂಜೇಶ್ವರ

ಫೋನಿನಲ್ಲಾದರೆ ಒಳ್ಳೆಯ ಉಪಾಯ. “ಒಣಸ್ ಆಂಡಾ?” (ಊಟ ಆಯ್ತಾ?) ಅಂದ ಕೂಡಲೇ ಲೈನ್ ಕಟ್ ಆದದ್ದನ್ನು ನಾನೇ ಕೇಳಿದ್ದೇನೆ, ಖುಷಿಯೂ ಪಟ್ಟಿದ್ದೇನೆ. ಬ್ಯಾರಿ, ಹವ್ಯಕ, ಕರಾಡ, ಮನೆಯಲ್ಲಿ ಯಾವುದುಂಟೋ ಅದನ್ನು ಬಳಸಿ. ಮೆಸೇಜಿನಲ್ಲಿ ಮಾತ್ರ ನಂಬಬೇಡಿ. ಗೂಗಲ್ ಟ್ರಾನ್ಸ್‌ಲೇಟ್ 2024ರಲ್ಲೇ ತುಳು ಕಲಿತಿದೆ.

ಮನೆಯವರಿಗೆಲ್ಲ ಒಂದು ಗುಟ್ಟಿನ ಶಬ್ದ ಇಟ್ಟುಕೊಳ್ಳಿ ಅನ್ನುತ್ತಾರಲ್ಲ?

ನಮ್ಮ ಮನೆಯಲ್ಲಿ ಇಟ್ಟಿದ್ದೆವು. ತಿಂಗಳಲ್ಲಿ ಎಲ್ಲರೂ ಮರೆತರು. ಹೆಂಡತಿಗೆ ಮಾತ್ರ ನೆನಪಿತ್ತು, ಯಾಕೆಂದರೆ ಅದು ನಾಯಿಯ ಹೆಸರು. ನಾಯಿಯ ಫೋಟೊ ಹೆಸರಿನ ಸಮೇತ ಮಗಳ ಫೇಸ್‌ಬುಕ್ಕಿನಲ್ಲಿ ಉಂಟು.

ಅಪರಿಚಿತ ಕಾಲ್ ಎತ್ತಿ “ಹಲೋ” ಅಂದರೆ ಧ್ವನಿ ಕದಿಯುತ್ತಾರಂತೆ, ಹೌದಾ?

ನಿಮ್ಮ ಸೊಸೆ ವಾರಕ್ಕೆ ಐದು ರೀಲ್ಸ್ ಹಾಕುತ್ತಾಳೆ. “ಹಲೋ” ಕದಿಯುವ ಕಷ್ಟ ಯಾರಿಗೆ ಬೇಕು?

ಪಿನ್ ಉಲ್ಟಾ ಒತ್ತಿದರೆ ಪೊಲೀಸರಿಗೆ ಅಲರ್ಟ್ ಹೋಗುತ್ತದೆ ಅಂತ ಗ್ರೂಪಿನಲ್ಲಿ ಬಂತು.

ಸುಳ್ಳು. ಆ ಗ್ರೂಪ್ ಬಿಡಿ.

ಫೇಸ್‌ಬುಕ್ಕಿನಲ್ಲಿ ಭಾವ ಮೆಸೇಜ್ ಮಾಡಿದ್ದಾರೆ. ಅವರ ಸ್ನೇಹಿತ ಸಿಆರ್‌ಪಿಎಫ್ ಅಧಿಕಾರಿಗೆ ವರ್ಗ ಆಗಿದೆಯಂತೆ, ಸೋಫಾ, ಫ್ರಿಜ್ ಅಗ್ಗದಲ್ಲಿ ಕೊಡುತ್ತಾರಂತೆ.

ಅದು ಭಾವ ಅಲ್ಲ, ಭಾವನ ಫೋಟೊ. ಆ ಅಧಿಕಾರಿಗೆ ಎಷ್ಟು ವರ್ಷದಿಂದ ವರ್ಗ ಆಗುತ್ತಲೇ ಇದೆ ಮಾರಾಯ್ರೆ!

ಅಕ್ಕನ ಮಗ ಅಂತ ನಂಬಿ 28,000 ಕಳಿಸಿದೆ. ಮೂರು ದಿನ ಆಯಿತು. ಗಂಡನಿಗೆ ಹೇಳಿಲ್ಲ. ಪರಿಚಯದವರೊಬ್ಬರು ಕೊರಗಜ್ಜನಿಗೆ ಹೇಳಿಕೊಳ್ಳಿ ಅಂದರು. ಇನ್ನೊಬ್ಬರು ಟೆಲಿಗ್ರಾಮಿನಲ್ಲಿ ದುಡ್ಡು ವಾಪಸ್ ತರಿಸುವ ಎಕ್ಸ್‌ಪರ್ಟ್ ಇದ್ದಾರೆ, 5,000 ಫೀಸ್ ಅಂದರು. – ಹೆಸರು ಬೇಡ, ಅಡೂರು

ಅಜ್ಜನಿಗೆ ಧಾರಾಳ ಹೇಳಿಕೊಳ್ಳಿ, ಚಕ್ಕುಲಿ ಬೀಡವನ್ನೂ ಇಡಿ. ಆದರೆ ಅದಕ್ಕೆ ಮೊದಲು ಸೈಬರ್ ಮೋಸದ ಸಹಾಯವಾಣಿ 1930ಕ್ಕೆ ಹೇಳಿ. ಆ ಎಕ್ಸ್‌ಪರ್ಟ್‌ಗೆ ಮಾತ್ರ ಒಂದು ಪೈಸೆ ಕೊಡಬೇಡಿ. ಕಳೆದುಕೊಂಡವರನ್ನೇ ಹುಡುಕಿ ಮತ್ತೆ ಸುಲಿಯುವ ಜನ ಇವರು. ಇವರ ಹತ್ತಿರ ಹ್ಯಾಕಿಂಗೂ ಇಲ್ಲ, ಮಣ್ಣೂ ಇಲ್ಲ. ದುಡ್ಡನ್ನು ತಡೆಯುವ ಅಧಿಕಾರ ಬ್ಯಾಂಕಿಗೆ, ಪೊಲೀಸರಿಗೆ, ಕೋರ್ಟಿಗೆ ಮಾತ್ರ.

1930ರಲ್ಲಿ ದೂರು ಬಿದ್ದ ಕೂಡಲೇ ದುಡ್ಡು ಹೋದ ಬ್ಯಾಂಕಿಗೆ ಸುದ್ದಿ ಮುಟ್ಟುತ್ತದೆ. ಅಲ್ಲಿ ದುಡ್ಡು ಇನ್ನೂ ಇದ್ದರೆ ತಡೆದಿಡುತ್ತಾರೆ. ಕಳ್ಳರು ಅದನ್ನು ಒಂದು ಅಕೌಂಟಿನಿಂದ ಮತ್ತೊಂದಕ್ಕೆ, ಅಲ್ಲಿಂದ ಎಟಿಎಮ್ಮಿಗೆ ಓಡಿಸುತ್ತಿರುತ್ತಾರೆ. ಅದಕ್ಕೇ ಮೊದಲ ಒಂದು ಗಂಟೆಗೆ ಅಷ್ಟು ಬೆಲೆ. ನಿಮ್ಮದು ಮೂರು ದಿನ. ಸುಳ್ಳು ಆಸೆ ಹುಟ್ಟಿಸುವುದಿಲ್ಲ, ಕಷ್ಟ ಉಂಟು. ಆದರೂ ಮಾಡಿ, ಇವತ್ತೇ. ಯುಪಿಐಯ 12 ಅಂಕಿಯ ರೆಫರೆನ್ಸ್ ನಂಬರ್, ಎಷ್ಟು ಗಂಟೆಗೆ ಕಳಿಸಿದ್ದು, ಯಾವ ನಂಬರಿಗೆ, ಇಷ್ಟು ಚೀಟಿಯಲ್ಲಿ ಬರೆದುಕೊಂಡು ಕಾಲ್ ಮಾಡಿ. ಆ ಕಾಲ್ ಆದ 24 ಗಂಟೆಯ ಒಳಗೆ ಸೈಬರ್ ಕ್ರೈಮ್ ಪೋರ್ಟಲ್‌ನಲ್ಲಿ ದೂರು ಪೂರ್ತಿ ಮಾಡಿ. ನಿಮ್ಮ ಬ್ಯಾಂಕಿಗೂ ಲಿಖಿತವಾಗಿ ಕೊಡಿ. ಒಂದು ಮಾತು, ಪಿನ್ ಒತ್ತಿದ್ದು ನೀವೇ ಆದ್ದರಿಂದ “ಬ್ಯಾಂಕ್ ತುಂಬಿಕೊಡಬೇಕು” ಅಂತ ಮ್ಯಾನೇಜರ್ ಹತ್ತಿರ ಬೊಬ್ಬೆ ಹಾಕಿ ಪ್ರಯೋಜನ ಕಡಿಮೆ. ಬೊಬ್ಬೆ ತಿಂದವನಾಗಿ ಹೇಳುತ್ತಿದ್ದೇನೆ.

ಮತ್ತೆ ಗಂಡನಿಗೆ ಹೇಳಿ. ಮೂರು ದಿನ ತಡವಾದದ್ದು ಕಳ್ಳನಿಂದಲ್ಲ, ಈ ನಾಚಿಕೆಯಿಂದ.

ಮನೆ ತಲಪಾಡಿ ಗಡಿಯ ಈಚೆ, ಕೇರಳದಲ್ಲಿ. ಸಿಮ್ ಮತ್ತು ಬ್ಯಾಂಕ್ ಮಂಗಳೂರಿನದ್ದು. ದೂರು ಎಲ್ಲಿ? ಕನ್ನಡದಲ್ಲಿ ಬರೆದರೆ ತೆಗೆದುಕೊಳ್ಳುತ್ತಾರಾ?

1930 ಇಡೀ ದೇಶಕ್ಕೆ ಒಂದೇ. ಠಾಣೆಯಲ್ಲಿ “ಇದು ನಮ್ಮ ವ್ಯಾಪ್ತಿ ಅಲ್ಲ” ಅಂತ ಗಡಿಯ ಆಚೆ ಈಚೆ ಓಡಿಸಿದರೆ ಝೀರೋ ಎಫ್‌ಐಆರ್, ಅಂದರೆ ವ್ಯಾಪ್ತಿ ನೋಡದೆ ಯಾವ ಠಾಣೆಯಲ್ಲೂ ದಾಖಲಿಸುವ ಎಫ್‌ಐಆರ್, ಕೇಳಿ. 2024ರ ಜುಲೈ 1ರಿಂದ ಜಾರಿಗೆ ಬಂದ, ಪೊಲೀಸ್ ಮತ್ತು ಕೋರ್ಟಿನ ಕ್ರಮ ಹೇಳುವ ಬಿಎನ್‌ಎಸ್‌ಎಸ್ ಕಾನೂನಿನ 173ನೇ ಕಲಮಿನಲ್ಲಿ ಅದು ಸ್ಪಷ್ಟವಾಗಿದೆ. ಕನ್ನಡದಲ್ಲಿ ಮನವಿ ಕೊಡುವ ಹಕ್ಕು ಸಂವಿಧಾನದ 350ನೇ ವಿಧಿಯಲ್ಲೇ ಉಂಟು, ಯಾರೂ ದಯೆ ತೋರಿಸಬೇಕಾಗಿಲ್ಲ. ಆದರೆ ಫೋನಿನಲ್ಲಿ ಮಾತ್ರ ಬರುವ ಭಾಷೆಯಲ್ಲಿ ನಂಬರ್ ಹೇಳಿ ಮುಗಿಸಿ. ಮಲಯಾಳ ಆದರೆ ಮಲಯಾಳ, ಹರಕು ಹಿಂದಿ ಆದರೆ ಹರಕು ಹಿಂದಿ. ಭಾಷೆಯ ಹೋರಾಟವನ್ನು ದುಡ್ಡು ತಡೆದ ಮೇಲೆ ಮಾಡೋಣ, ನಾನೂ ಬರುತ್ತೇನೆ.

ಕಾಲೇಜಿನ ಸೀನಿಯರ್ ಒಬ್ಬ ನನ್ನ ಅಕೌಂಟ್ ಮತ್ತು ಎಟಿಎಂ ಕಾರ್ಡ್ ತೆಗೆದುಕೊಂಡು 3,000 ಕೊಟ್ಟ. ಈಗ ಅಕೌಂಟ್ ಫ್ರೀಜ್ ಆಗಿದೆ. ನಾನು ಯಾರಿಗೂ ಮೋಸ ಮಾಡಿಲ್ಲ. ಬ್ಯಾಂಕಿನವರ ಹತ್ತಿರ ಹೇಳಿ ಬಿಡಿಸುತ್ತೀರಾ? – ವಿದ್ಯಾರ್ಥಿ

ಬಿಡಿಸುವುದಿಲ್ಲ. ನೀರ್ಚಾಲಿನ ಆ ಅಮ್ಮನ ಅಕೌಂಟಿನಲ್ಲಿ 80,000 ಇದ್ದಿದ್ದರೆ ಅದು ಬಂದು ಬೀಳುತ್ತಿದ್ದದ್ದು ನಿಮ್ಮಂಥವರು ಬಾಡಿಗೆಗೆ ಕೊಟ್ಟ ಅಕೌಂಟಿಗೇ. ಕಾಲ್ ಮಾಡಿದವನು ಎಲ್ಲಿದ್ದಾನೋ ಗೊತ್ತಿಲ್ಲ. ಪೊಲೀಸರ ಕೈಗೆ ಮೊದಲು ಸಿಗುವುದು ಅಕೌಂಟಿನ ಹೆಸರು, ಆಧಾರ್, ಮನೆಯ ವಿಳಾಸ. ಅವು ನಿಮ್ಮವು. ಬೇರೆಯವರ ಸೋಗು ಹಾಕಿ ಆನ್‌ಲೈನಿನಲ್ಲಿ ಮೋಸ ಮಾಡಿದರೆ ಐಟಿ ಕಾಯ್ದೆಯ 66ಡಿ ಪ್ರಕಾರ 3 ವರ್ಷದವರೆಗೆ ಜೈಲು. “ನಾನು ಕಾರ್ಡ್ ಮಾತ್ರ ಕೊಟ್ಟದ್ದು” ಅನ್ನುವುದನ್ನು ನೀವು ಸಾಬೀತು ಮಾಡುತ್ತಾ ಕೂರಬೇಕಾಗುತ್ತದೆ.

ಸೀನಿಯರ್ ಜೊತೆಗಿನ ಚಾಟ್ ಡಿಲೀಟ್ ಮಾಡಬೇಡಿ. ಬೇರೆ ಫೋನಿಗೆ ಒಂದು ಕಾಪಿ ಕಳಿಸಿ ಇಟ್ಟುಕೊಳ್ಳಿ. ನೋಟಿಸ್ ಬರಲಿ ಅಂತ ಕಾಯಬೇಡಿ. ಒಬ್ಬ ವಕೀಲರನ್ನು ಕಂಡು, ಪಾಸ್‌ಬುಕ್ ಹಿಡಿದುಕೊಂಡು ಕಾಸರಗೋಡಿನ ಸೈಬರ್ ಠಾಣೆಗೆ ನೀವೇ ಹೋಗಿ. ಆ 3,000ದ ವಿಷಯವನ್ನೂ ಹೇಳಿ, ಖರ್ಚಾಗಿದ್ದರೂ ಹೇಳಿ. ಹೋಗುವಾಗ ಅಪ್ಪನನ್ನು ಕರೆದುಕೊಂಡು ಹೋಗಿ.