ಸೊಟ್ಟಗಾದ ಕಾಲಿನ ಮೂಳೆಗೆ ರಿಂಗ್ ಫ್ರೇಮ್ ಬೇಕೇ ಬೇಕೇ?

ಪ್ರಶ್ನೆ: ನನಗೆ 26 ವರ್ಷ. ಚಿಕ್ಕಂದಿನಲ್ಲಿ ಮುರಿದ ಮೊಣಕಾಲ ಕೆಳಗಿನ ಮೂಳೆ ಸೊಟ್ಟಗೆ ಕೂಡಿಕೊಂಡಿದೆ, ಕಾಲು 3 ಸೆಂ.ಮೀ. ಗಿಡ್ಡ. ತಿಂಗಳುಗಟ್ಟಲೆ ರಿಂಗ್ ಫ್ರೇಮ್ (ಕಾಲಿನ ಸುತ್ತ ಉಂಗುರಗಳಿಟ್ಟು, ಮೂಳೆಯೊಳಗೆ ತಂತಿ ಹಾಯಿಸಿ ಬಿಗಿಯುವ ಚೌಕಟ್ಟು) ಹಾಕಿಕೊಂಡಿರಬೇಕು ಎನ್ನುತ್ತಾರೆ ವೈದ್ಯರು. ಒಂದೇ ಆಪರೇಷನ್‌ನಲ್ಲಿ ಪ್ಲೇಟ್ ಹಾಕಿ ಮುಗಿಸಲಾಗದೇ?

ಉತ್ತರ: ಬರೀ ಸೊಟ್ಟಗಿದ್ದರೆ ಎಷ್ಟೋ ಸಲ ಹಾಗೆ ಮುಗಿಸಬಹುದು. ನಿಮ್ಮ ತೊಡಕಿರುವುದು ಆ 3 ಸೆಂ.ಮೀ.ನಲ್ಲಿ. ಮೂಳೆ ಕತ್ತರಿಸಿ ಒಮ್ಮೆಲೇ ಅಷ್ಟು ಎಳೆದರೆ ನರ, ರಕ್ತನಾಳ ತಡೆಯುವುದು ಕಷ್ಟ. ಪಾದ ಮೇಲೆತ್ತುವ ನರ ಸೋತರೆ, ಕಾಲು ನೆಟ್ಟಗಾದರೂ ಹೆಜ್ಜೆ ಎಳೆಯುತ್ತಲೇ ನಡೆಯಬೇಕು.

ನಿಧಾನಕ್ಕೆ ಎಳೆದರೆ ನಡುವಿನ ಜಾಗದಲ್ಲಿ ದೇಹವೇ ಹೊಸ ಮೂಳೆ ಬೆಳೆಸುತ್ತದೆ. 1950ರ ದಶಕದಲ್ಲಿ ಸೈಬೀರಿಯಾದ ಕುರ್ಗಾನ್‌ನಲ್ಲಿ ವೈದ್ಯ ಗವ್ರೀಲ್ ಇಲಿಜಾರೊವ್ ಉಂಗುರ, ಬಿಗಿದ ತಂತಿಗಳಿಂದ ಕಟ್ಟಿದ ಪದ್ಧತಿಯ ಲೆಕ್ಕವೇ ಇಂದಿಗೂ ನಡೆಯುತ್ತಿದೆ: ಕತ್ತರಿಸಿದ ಮೇಲೆ ಸುಮಾರು ಒಂದು ವಾರ ಸುಮ್ಮನಿರುವುದು, ಆಮೇಲೆ ದಿನಕ್ಕೆ 1 ಮಿ.ಮೀ. ನಟ್ಟನ್ನು ಪೂರ್ತಿ ಒಂದು ಸುತ್ತು ತಿರುಗಿಸಿದರೆ ಉಂಗುರಗಳು ಅಷ್ಟು ದೂರವಾಗುತ್ತವೆ. ನೀವು ದಿನಕ್ಕೆ ನಾಲ್ಕು ಸಲ ಕಾಲು ಸುತ್ತು ತಿರುಗಿಸುತ್ತೀರಿ. (ಕಾಲಿಗೆ ಕಾಲು ಸುತ್ತು! ಈ ಮಾತಿಗೆ ರೋಗಿಗಳು ನಗುತ್ತಾರೆ.) ಅವಸರಪಟ್ಟರೆ ಮೂಳೆ ಹುಟ್ಟುವುದಿಲ್ಲ, ತೀರಾ ನಿಧಾನಿಸಿದರೆ ಬೇಗನೇ ಕೂಡಿಕೊಂಡು ಮತ್ತೆ ಕತ್ತರಿಸಬೇಕಾಗುತ್ತದೆ. ಎಕ್ಸ್‌ರೇಯಲ್ಲಿ ಮೊದಮೊದಲು ಆ ಜಾಗ ಖಾಲಿ ಕಾಣುತ್ತದೆ. ಕೆಲವು ವಾರ ಕಳೆದರೆ ತೆಳು ಮೋಡದಂಥ ಉದ್ದುದ್ದ ಗೆರೆಗಳು ಮೂಡುತ್ತವೆ. ಸೊಟ್ಟ ತೆಗೆಯಲು ಉಂಗುರಗಳ ನಡುವೆ ಕೀಲು ಇಟ್ಟು ಒಂದು ಬದಿಯನ್ನು ಹೆಚ್ಚು ತೆರೆಯುತ್ತಾರೆ. ಉಂಗುರಗಳನ್ನು ಆರು ಸಲಾಕೆಗಳಿಂದ ಜೋಡಿಸಿದ ಫ್ರೇಮ್ ಆದರೆ ಯಾವ ದಿನ ಯಾವುದನ್ನು ಎಷ್ಟು ತಿರುಗಿಸಬೇಕೆಂದು ಕಂಪ್ಯೂಟರ್ ಪಟ್ಟಿ ಕೊಡುತ್ತದೆ.

ಉದ್ದವಾಗಲು ಒಂದು ತಿಂಗಳು ಸಾಕು. ಮೂಳೆ ಗಟ್ಟಿಯಾಗಲು ಹಿಡಿಯುವ ಕಾಲವೇ ದೊಡ್ಡದು. ಒಟ್ಟು ನಾಲ್ಕೈದು ತಿಂಗಳಿಗೆ ಸಿದ್ಧರಾಗಿ. ಸಿಗರೇಟು ಸೇದುತ್ತಿದ್ದರೆ ಇನ್ನೂ ತಡ.

ಮಂಚ ಹಿಡಿಯಬೇಕಿಲ್ಲ. ವೈದ್ಯರು ಹೇಳಿದಷ್ಟು ಭಾರ ಹಾಕಿ, ಊರುಗೋಲು ಹಿಡಿದು ನಡೆಯಿರಿ. ತಂತಿ ಚರ್ಮ ಹೊಕ್ಕಲ್ಲಿ ಕೆಂಪಾಗುವುದು, ಕೀವು ಬರುವುದು ಸಾಮಾನ್ಯ. ಶುಚಿಗೊಳಿಸಿ ಮಾತ್ರೆ ನುಂಗಿದರೆ ಬಹುತೇಕ ತಗ್ಗುತ್ತದೆ. ನಾನು ಹೆಚ್ಚು ಅಂಜುವುದು ಹಿಮ್ಮಡಿಗೆ. ಮೂಳೆ ಬೆಳೆದಷ್ಟು ಬೇಗ ಮೀನಖಂಡ ಹಿಗ್ಗದೆ ಹಿಮ್ಮಡಿ ಮೇಲೇಳುತ್ತದೆ, ಹಾಗಾಗಿ ಫಿಸಿಯೋಥೆರಪಿ ಒಂದು ದಿನವೂ ತಪ್ಪಬಾರದು. ಬೆರಳು ಜೋಮುಗಟ್ಟಿದರೆ, ಪಾದ ಮೇಲೇಳದಿದ್ದರೆ ಅಂದೇ ವೈದ್ಯರಿಗೆ ತಿಳಿಸಿ.

ಬಿಚ್ಚುವ ಮುನ್ನ ಸಲಾಕೆಗಳನ್ನು ಸಡಿಲಿಸಿ ಕೆಲವು ದಿನ ನಡೆಸಿ ನೋಡುವುದುಂಟು. ನೋವಿಲ್ಲದೆ ಕಾಲು ಭಾರ ಹೊತ್ತು, ಎಕ್ಸ್‌ರೇಯೂ ಸರಿ ಕಂಡರೆ ತಂತಿ ಹೊರಗೆ.